ಜುಲೈ ಹಾಳೆಯ ಚಿಗರಿಗಳು: ಬೀದರಿನ ಒಬ್ಬ ಹೊರಾಂಗಣ ಛಾಯಾಗ್ರಾಹಕರ ಪ್ರಕರಣ

ಬೀದರ್ ಜಿಲ್ಲೆಯ ಒಂದು ಸಹಕಾರ ಸಂಘ ತನ್ನ ಸದಸ್ಯರಿಗೆ ಹಂಚುವ ಗೋಡೆ ಕ್ಯಾಲೆಂಡರ್‌ನಲ್ಲಿ ದೇವರ ಪಟಗಳ ಬದಲು ಜಿಲ್ಲೆಯ ಕೋಟೆ, ಗೋರಿ, ಹೊಲ, ಪ್ರಾಣಿಗಳ ಚಿತ್ರಗಳನ್ನು ಹಾಕಿಸಲು ತೀರ್ಮಾನಿಸಿತು. ಹನ್ನೆರಡು ಹಾಳೆ, ಹನ್ನೆರಡು ಚಿತ್ರ. ಕೆಲಸವನ್ನು ಒಪ್ಪಿಕೊಂಡವರು ಬೀದರಿನಲ್ಲೇ ಚಿಕ್ಕ ಸ್ಟುಡಿಯೋ ಇಟ್ಟುಕೊಂಡಿರುವ ಒಬ್ಬ ಛಾಯಾಗ್ರಾಹಕರು. ಲಗ್ನದ ಕೆಲಸದಿಂದ ಮನೆ ನಡೆಸುತ್ತಾರೆ, ಉಳಿದ ಹೊತ್ತನ್ನೆಲ್ಲ ಬಯಲಿನಲ್ಲಿ ಕಳೆಯುತ್ತಾರೆ. ಚಿತ್ರಗಳ ಕೆಳಗಿನ ಸಾಲುಗಳನ್ನು ಬರೆದುಕೊಡುವ ಹೊಣೆ ನನ್ನದಾಗಿತ್ತು. ಹನ್ನೊಂದು ಹಾಳೆಗಳು ತಕರಾರಿಲ್ಲದೆ ಮುಗಿದವು. ಜುಲೈ ಹಾಳೆ ಮಾತ್ರ ಮುದ್ರಣಾಲಯದ ಬಾಗಿಲಲ್ಲಿ ನಿಂತುಬಿಟ್ಟಿತು.

ಆ ಹಾಳೆಯಲ್ಲಿದ್ದದ್ದು ಹೂವಿಗೆ ಬಂದ ಹೆಸರುಕಾಳಿನ ಹೊಲ, ಅದರ ನಡುವೆ ಚಿಗರಿಗಳ ಹಿಂಡು. ಪುಸ್ತಕದಲ್ಲಿ ಕೃಷ್ಣಮೃಗ ಎಂದು ಕರೆಯುವ ಪ್ರಾಣಿಯನ್ನು ನಮ್ಮ ಕಡೆ ಚಿಗರಿ ಎನ್ನುತ್ತಾರೆ. ರಾತ್ರಿ ಮಳೆ ಬಂದು ನಿಂತ ಬೆಳಗು, ಅಡ್ಡಬಿಸಿಲು, ಮುಂದೆ ಕಪ್ಪು ಮೈಯ ಒಂದು ಗಂಡು, ಹಿಂದೆ ತಲೆ ತಗ್ಗಿಸಿ ಮೇಯುತ್ತಿರುವ ಹೆಣ್ಣುಗಳು. ಆಡಳಿತ ಮಂಡಳಿಯವರು ಇದನ್ನೇ ಮುಖಪುಟಕ್ಕೂ ಬಳಸೋಣ ಎಂದಿದ್ದರು. ಅಷ್ಟರಲ್ಲಿ ಕರಡು ಪ್ರತಿ ಒಬ್ಬ ಸದಸ್ಯರ ಕೈಗೆ ಸಿಕ್ಕಿತು. ಬದುವಿನ ಬೇವಿನ ಮರ, ಕಲ್ಲು ಕಟ್ಟಿದ ಹಳೆಯ ಬಾವಿ ಎರಡನ್ನೂ ಅವರು ಕಣ್ಣು ಮುಚ್ಚಿ ಗುರುತಿಸಬಲ್ಲವರು, ಏಕೆಂದರೆ ಹೊಲ ಅವರದು. ಸಂಘದ ಕಚೇರಿಗೆ ಬಂದು, "ನನ್ನ ಬೆಳೆ ಹಾಳಾಗುತ್ತಿರುವುದನ್ನು ಚಂದ ಮಾಡಿ ಊರವರ ಗೋಡೆಗೆಲ್ಲ ಹಾಕಿಸುತ್ತಿದ್ದೀರಿ" ಎಂದರು.

ಹೊರಾಂಗಣ ಛಾಯಾಗ್ರಾಹಕನ ಬದುಕು ಎಂದೊಡನೆ ನಮಗೆ ಹೊಳೆಯುವುದು ಬೆಳಕು, ಲೆನ್ಸ್, ದೂರದ ಪ್ರವಾಸ. ಈ ಪ್ರಕರಣದಲ್ಲಿ ಕೊನೆಗೆ ಲೆಕ್ಕಕ್ಕೆ ಬಂದದ್ದು ನೆಲ: ಯಾರ ನೆಲದ ಮೇಲೆ ನಿಂತು, ಯಾರ ನೆಲದ ಚಿತ್ರ ತೆಗೆದರು ಎಂಬುದು.

ಲಗ್ನಸರಾಯಿ ಮತ್ತು ಆಷಾಢ

ಚಿತ್ರ ಹುಟ್ಟಿದ್ದು ಆಷಾಢದಲ್ಲಿ, ಅದಕ್ಕೆ ಕಾರಣ ಕಸುಬಿನ ಲೆಕ್ಕಾಚಾರ. ಲಗ್ನಸರಾಯಿಯಲ್ಲಿ ಈ ಛಾಯಾಗ್ರಾಹಕರಿಗೆ ಉಸಿರಾಡಲು ಬಿಡುವಿರುವುದಿಲ್ಲ. ನಿಶ್ಚಯ, ಅರಿಶಿಣ, ಲಗ್ನ, ಆರತಕ್ಷತೆ. ಈಗ ಇವುಗಳ ಮೇಲೆ ಕೋಟೆಯ ಮುಂದೆ, ಅಷ್ಟೂರಿನ ಗೋರಿಗಳ ಮುಂದೆ ಪ್ರಿ-ವೆಡ್ಡಿಂಗ್ ಬೇರೆ. ಚಿಗರಿಗಳ ಬೆದೆಗಾಲ ಜೋರಾಗಿರುವುದು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ. ಗಂಡುಗಳು ತಮ್ಮ ತಮ್ಮ ಜಾಗ ಹಿಡಿದು, ಕೊಂಬಿಗೆ ಕೊಂಬು ಕೊಟ್ಟು ಕಾದಾಡುವ ದಿನಗಳವು. ಆಗ ಇವರು ಯಾರದೋ ಮಂಟಪದಲ್ಲಿ ಮಾಂಗಲ್ಯಧಾರಣೆಯ ಕ್ಷಣಕ್ಕಾಗಿ ಕಾಯುತ್ತಿರುತ್ತಾರೆ. ಆಷಾಢ ಬಂದರೆ ಲಗ್ನ ನಿಲ್ಲುತ್ತವೆ, ಗಳಿಕೆಯೂ ನಿಲ್ಲುತ್ತದೆ, ಬಯಲು ಹಸಿರಾಗುತ್ತದೆ. ಜೂನ್ ಮೊದಲ ಮಳೆಗೆ ಬಿತ್ತಿದ ಹೆಸರು, ಉದ್ದು ಆ ಹೊತ್ತಿಗೆ ಹೂವಿನಲ್ಲಿರುತ್ತವೆ. ಹೀಗಾಗಿ ಇವರ ಬಳಿ ಚಿಗರಿಗಳ ಕಾದಾಟದ ಚಿತ್ರಗಳು ಕಡಿಮೆ, ಬೆಳೆಯಲ್ಲಿ ನಿಂತ ಚಿಗರಿಗಳ ಚಿತ್ರಗಳೇ ಹೆಚ್ಚು. ಕಲೆಯ ಆಯ್ಕೆ ಎಂದು ವಿಮರ್ಶಕರು ವಿವರಿಸಬಹುದಾದದ್ದನ್ನು ಇಲ್ಲಿ ಪಂಚಾಂಗ ನಿರ್ಧರಿಸಿದೆ.

ಸಲಕರಣೆಯೂ ಲಗ್ನದ ಹಣದಿಂದಲೇ ಬಂದದ್ದು. ಹೈದರಾಬಾದಿನ ಕೋಠಿ ಪ್ರದೇಶದ ಗುಜರಾತಿ ಗಲ್ಲಿಯಲ್ಲಿ ಕ್ಯಾಮೆರಾ ಅಂಗಡಿಗಳ ಸಾಲೇ ಇದೆ. ಬೀದರಿನವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ, ಜಹೀರಾಬಾದ್ ದಾಟಿ ಬೆಳಗ್ಗೆ ಹೋದವರು ಸಂಜೆಗೆ ಮರಳಬಹುದು. ಅಲ್ಲಿ ಕೊಂಡ ಬಳಸಿದ 150-600 ಎಂಎಂ ಲೆನ್ಸ್ ಇವರ ಏಕೈಕ ದೊಡ್ಡ ಆಸ್ತಿ. ವಾಹನ ಮೋಟರ್‌ಸೈಕಲ್.

ಪ್ರವಾಸದ ವಿಷಯವನ್ನು ಚುಟುಕಾಗಿ ಹೇಳಬಹುದು. ಆಫ್ರಿಕಾ ಇರಲಿ, ಕಬಿನಿಗೂ ಇವರು ಹೋದವರಲ್ಲ. ಕಲಬುರಗಿ ಜಿಲ್ಲೆಯ ಚಿಂಚೋಳಿಯ ಒಣ ಕಾಡು, ಯಾದಗಿರಿ ಜಿಲ್ಲೆಯ ಬೋನಾಳ ಪಕ್ಷಿಧಾಮ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟ, ಕಾಗಿಣಾ ದಂಡೆಯ ಮಳಖೇಡ ಕೋಟೆ ಇವಿಷ್ಟು ಇವರ ಲೋಕ. ಸಾಮಾಜಿಕ ಜಾಲತಾಣದಲ್ಲಿ ಹುಲಿಯ ಚಿತ್ರಗಳನ್ನು ಕಂಡು ಕರುಬುತ್ತಾರೆ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಜೀಪಿನಲ್ಲಿ ಕುಳಿತು ಹತ್ತಾರು ಕ್ಯಾಮೆರಾಗಳು ಒಂದೇ ಹುಲಿಯನ್ನು ತೆಗೆದ ಚಿತ್ರಗಳಿಗಿಂತ ಇವರ ಚಿತ್ರಗಳು ನನಗೆ ಹೆಚ್ಚು ತಿಳಿಸಿವೆ. ಸ್ನೇಹದ ಪಕ್ಷಪಾತ ಎನ್ನುವವರು ಎನ್ನಲಿ.

ಬರೆದಿಟ್ಟ ನಿಯಮಗಳಿರುವ ನೆಲ

ಕ್ಯಾಲೆಂಡರ್‌ನ ಉಳಿದ ಚಿತ್ರಗಳಲ್ಲಿ ಹೆಚ್ಚಿನವು ಸಂರಕ್ಷಿತ ಸ್ಮಾರಕಗಳವು. ಅಲ್ಲಿ ಏನು ಮಾಡಬಹುದು, ಏನು ಕೂಡದು ಎಂಬುದು ಕಾಗದದಲ್ಲಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಚಿತ್ರ ತೆಗೆಯುವುದಕ್ಕೆ ಅಡ್ಡಿಯಿಲ್ಲ, ಟ್ರೈಪಾಡ್ ಊರಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಹಾಗಾಗಿ ಬಹಮನಿ ಪ್ರಧಾನಿ ಮಹಮೂದ್ ಗಾವಾನನ ಮದರಸಾದ ಚಿತ್ರವನ್ನು ಇವರು ಕೈಯಲ್ಲೇ ಹಿಡಿದು ತೆಗೆದರು. 1472ರಲ್ಲಿ ಕಟ್ಟಿದ ಆ ಕಟ್ಟಡದ ಒಂದು ಭಾಗ 17ನೇ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟಕ್ಕೆ ಕುಸಿಯಿತು. ಉಳಿದ ಮಿನಾರಿನ ಮೇಲೆ ನೀಲಿ, ಹಸಿರು, ಬಿಳಿ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಮುಖ ಪೂರ್ವಕ್ಕಿರುವುದರಿಂದ ಸೂರ್ಯ ಏರಿದ ಸ್ವಲ್ಪ ಹೊತ್ತು ಆ ಬಣ್ಣಗಳು ಎದ್ದು ಬರುತ್ತವೆ. ಆ ಬೆಳಕಿಗೆ ಟ್ರೈಪಾಡ್ ಬೇಕಾಗುವುದೂ ಇಲ್ಲ.

ಸಂಘದ ಅಧ್ಯಕ್ಷರಿಗೆ ಕೋಟೆಯ ಡ್ರೋನ್ ಚಿತ್ರ ಬೇಕಿತ್ತು. ಅದು ಆಗದ ಮಾತು. ಊರಿನ ಮಗ್ಗುಲಲ್ಲೇ ವಾಯುಪಡೆಯ ತರಬೇತಿ ನೆಲೆ ಇದೆ, ಆಕಾಶದಲ್ಲಿ ಕಸರತ್ತು ತೋರುವ ಸೂರ್ಯಕಿರಣ ವಿಮಾನ ತಂಡದ ಮನೆಯೂ ಅದೇ. 2021ರ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಏನನ್ನೂ ಹಾರಿಸುವಂತಿಲ್ಲ. ತಲೆಯ ಮೇಲೆ ಒಂಬತ್ತು ವಿಮಾನಗಳು ಒಟ್ಟಾಗಿ ಮಗುಚುವ ಊರಿನಲ್ಲಿ ಲಗ್ನದವರ ಡ್ರೋನುಗಳನ್ನು ಕಂಡಾಗಲೆಲ್ಲ ಇವರು ಸಿಡುಕುತ್ತಾರೆ. ಕೋಟೆಯ ಚಿತ್ರವನ್ನು ಬುರುಜಿನ ಮೇಲಿನಿಂದ ತೆಗೆದರು. ಅದರಲ್ಲಿ ಜಂಬಿಟ್ಟಿಗೆಯ ಕೆಂಪು ಗೋಡೆ ಅಂಚಿನವರೆಗೂ ಬಾಗುತ್ತ ಹೋಗುವುದು ಕಾಣುತ್ತದೆ. ಡ್ರೋನಿನಿಂದ ನೋಡಿದ್ದರೆ ಆ ಎತ್ತರ ಚಪ್ಪಟೆಯಾಗಿಬಿಡುತ್ತಿತ್ತು ಎಂದು ನನ್ನ ಅನಿಸಿಕೆ.

ಅಷ್ಟೂರಿನದು ಬೇರೆಯೇ ಕತೆ. ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಗೋರಿಯ ಒಳಗೆ ಗುಮ್ಮಟದ ತುಂಬ ಚಿನ್ನದ ಹಾಗೂ ಕೆಂಪು ಬಣ್ಣದ ಬರಹ, ಬಳ್ಳಿಗಳಿವೆ. ಆದರೆ ಒಳಗೆ ಕತ್ತಲು. ಫ್ಲ್ಯಾಷ್ ಹೊಡೆಯುವುದು ಬಣ್ಣಕ್ಕೆ ಒಳ್ಳೆಯದಲ್ಲ. ಅಲ್ಲಿನ ಕಾವಲಿನವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿ ಬಂದವರಿಗೆ ಚಿತ್ತಾರ ತೋರಿಸುತ್ತಾರೆ. ಆ ಕನ್ನಡಿಯ ಬೆಳಕಿನಲ್ಲೇ ಇವರು ಮಾರ್ಚ್ ಹಾಳೆಯ ಚಿತ್ರ ತೆಗೆದರು. ಮಾರ್ಚ್ ಹಾಳೆಯೇ ಏಕೆಂದರೆ, ಇಲ್ಲಿನ ಉರುಸು ಹಿಂದೂ ಪಂಚಾಂಗದ ತಿಥಿಯಂತೆ ಆ ಹೊತ್ತಿಗೆ ಬರುತ್ತದೆ. ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಕಾಲ್ನಡಿಗೆಯಲ್ಲಿ ಬಂದು ಗೋರಿಯ ಮುಂದೆ ತೆಂಗಿನಕಾಯಿ ಒಡೆಯುತ್ತಾರೆ. ಸುಲ್ತಾನನನ್ನು ಅಲ್ಲಮಪ್ರಭುವೆಂದು ಕಾಣುವ ಭಕ್ತರ ಜಾತ್ರೆ ಅದು. ಜಾತ್ರೆಯಲ್ಲಿ ಭಕ್ತರ ಮುಖಕ್ಕೆ ಕ್ಯಾಮೆರಾ ಒಡ್ಡುವ ಮೊದಲು ಇವರು ಜಂಗಮರನ್ನು ಕೇಳಿಕೊಳ್ಳುತ್ತಾರೆ. ಯಾವ ನಿಯಮವೂ ಹಾಗೆ ಹೇಳಿಲ್ಲ. ಆದರೂ ಕೇಳುತ್ತಾರೆ.

ಹಾಗೆ ಕೇಳುವ ಅಭ್ಯಾಸವಿದ್ದವರೇ ಹೊಲದ ವಿಷಯದಲ್ಲಿ ಸಿಕ್ಕಿಬಿದ್ದದ್ದು ಈ ಪ್ರಕರಣದ ವಿಶೇಷ.

ಕಪ್ಪಿನ ಮೇಲೆ ಬೆಳ್ಳಿ

ಚಿತ್ರದ ಗುಣದ ಬಗ್ಗೆ ಎರಡು ಮಾತು ಹೇಳದಿದ್ದರೆ ಜಗಳದ ತೂಕ ತಿಳಿಯದು. ಬೆದೆಗೆ ಬಂದ ಗಂಡು ಚಿಗರಿಯ ಬೆನ್ನು ಕಡುಗಪ್ಪು, ಹೊಟ್ಟೆ ಅಚ್ಚ ಬಿಳುಪು. ಕ್ಯಾಮೆರಾ ಕಪ್ಪಿಗೆ ಒಲಿದರೆ ಬಿಳುಪು ಸುಟ್ಟುಹೋಗುತ್ತದೆ, ಬಿಳುಪಿಗೆ ಒಲಿದರೆ ಕಪ್ಪು ಬರಿಯ ಕಲೆಯಾಗುತ್ತದೆ. ಇವರು ಸೂರ್ಯನಿಗೆ ಎದುರಾಗಿ ಮಲಗುತ್ತಾರೆ. ಬೆಳಕು ಪ್ರಾಣಿಯ ಹಿಂಬದಿಯಿಂದ ಬರುತ್ತದೆ. ಕಪ್ಪನ್ನು ಕಪ್ಪಾಗಿಯೇ ಬಿಟ್ಟು, ಮೈಯಂಚಿನ ಕೂದಲಿಗೆ ಹತ್ತಿದ ಹೊಳಪನ್ನು ಮಾತ್ರ ಹಿಡಿಯುತ್ತಾರೆ. ಸುರುಳಿ ಕೊಂಬಿನ ಒಂದೊಂದು ತಿರುವಿಗೂ ಒಂದೊಂದು ಗೆರೆ ಬೆಳಕು.

ಇದನ್ನು ಕಲಿತದ್ದು ಬಿದರಿ ಕೆಲಸದ ಮನೆಯಲ್ಲಿ. ಸತು, ತಾಮ್ರದ ಪಾತ್ರೆಯಲ್ಲಿ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸವೂ ಇದೇ ಜಾತಿಯದು. ಕಪ್ಪಿನೊಳಗಿಂದ ಹೊಳಪು ತೆಗೆಯುವುದು ಈ ಊರಿನ ಕೈಗಳಿಗೆ ಐದಾರು ಶತಮಾನಗಳ ಅಭ್ಯಾಸ. ಕ್ಯಾಮೆರಾ ಆ ಸಾಲಿಗೆ ಈಚೆಗೆ ಸೇರಿದೆ, ಅಷ್ಟೇ.

ಬೇರೆ ಸ್ಫೂರ್ತಿಗಳೂ ಇವೆ. ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪು ಬಿಳುಪು ವನ್ಯಚಿತ್ರಗಳು, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ತಾಳ್ಮೆಯ ಕೆಲಸ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿಯವರು 1947ರಲ್ಲಿ ಬೀದರಿನ ಸ್ಮಾರಕಗಳ ಬಗ್ಗೆ ಹೊರತಂದ ಗ್ರಂಥದ ಚಿತ್ರಪಟಗಳನ್ನು ಇವರು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ. ಅದೇ ಜಾಗದಲ್ಲಿ ನಿಂತು, ಯಾವ ಗೋಡೆ ಬಿದ್ದಿದೆ, ಯಾವ ಮರ ಎದ್ದಿದೆ ಎಂದು ಹೋಲಿಸುತ್ತಾರೆ. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳರ ಮಾತು ಬಂದರೆ ಮಾತ್ರ ನಗುತ್ತಾರೆ: "ಅವರ ಹೆಗಲ ಮೇಲೆ ಗಾಜಿನ ಫಲಕಗಳ ಭಾರವಿತ್ತು, ಜೇಬಿನಲ್ಲಿ ನಿಜಾಮರ ಅಪ್ಪಣೆಯಿತ್ತು. ನನಗೆ ಭಾರ ಕಡಿಮೆ, ಅಪ್ಪಣೆಯೂ ಇಲ್ಲ."

ಬದುವಿನ ಈಚೆ, ಬದುವಿನ ಆಚೆ

ಬೀದರ್ ಸುತ್ತಲಿನ ಚಿಗರಿಗಳು ಬೇಲಿ ಹಾಕಿದ ಕಾಡಿನಲ್ಲಷ್ಟೇ ಇರುವವಲ್ಲ. ಊರ ದನ ಮೇಯುವ ಗಾಯರಾಣದಲ್ಲಿ ಬೆಳಗಾಗುತ್ತದೆ, ಬೀಳು ಹೊಲದಲ್ಲಿ ಮಧ್ಯಾಹ್ನ, ಬೆಳೆಯಲ್ಲಿ ಸಂಜೆ. ಹುಲ್ಲುಗಾವಲು ಉತ್ತು ಹೊಲವಾದಂತೆ, ನಿವೇಶನವಾದಂತೆ, ಅವು ಬೆಳೆಗೆ ಇಳಿಯುವುದು ಹೆಚ್ಚುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹೆಸರಿರುವ ಪ್ರಾಣಿ ಅದು, ಮುಟ್ಟುವಂತಿಲ್ಲ. ಕಾಯ್ದೆ ಬೇಟೆಯ ವ್ಯಾಖ್ಯೆಯೊಳಗೆ ಬೆನ್ನಟ್ಟುವುದನ್ನೂ ಸೇರಿಸಿದೆ. ಓಡುವ ಚಿಗರಿಯ ಚಿತ್ರಕ್ಕಾಗಿ ವಾಹನ ನುಗ್ಗಿಸುವ ಹವ್ಯಾಸಿಗಳಿಗೆ ಇವರು ಮೊದಲು ಹೇಳುವುದು ಇದನ್ನೇ.

ಚಿಗರಿಗಳು ಕುಂಟೆ ಹೊಡೆಯುವ ರೈತನಿಗೆ, ಎತ್ತುಗಳಿಗೆ ಅಷ್ಟಾಗಿ ಬೆದರುವುದಿಲ್ಲ. ಸುಮ್ಮನೆ ನಿಂತು ದಿಟ್ಟಿಸುವ ಮನುಷ್ಯನನ್ನು ಕಂಡರೆ ದೂರದಿಂದಲೇ ಓಡುತ್ತವೆ. ಆದ್ದರಿಂದ ಇವರು ಬೆಳಕು ಹರಿಯುವ ಮೊದಲೇ ಬದುವಿನ ಹಿಂದೆ ಮಲಗಿರುತ್ತಾರೆ. ಬೇಸಿಗೆಯಾದರೆ ಬಿಸಿಲೇರಿದಂತೆ ನೆಲದ ಮೇಲೆ ಬಿಸಿಲ್ಗುದುರೆ ಕುಣಿಯತೊಡಗಿ ಉದ್ದದ ಲೆನ್ಸಿನ ಚಿತ್ರವೆಲ್ಲ ಕದಡಿಹೋಗುತ್ತದೆ. ಮಳೆಗಾಲದ ಬೆಳಗು ಹಾಗಲ್ಲ, ಗಾಳಿ ತೊಳೆದಿಟ್ಟಂತಿರುತ್ತದೆ. ಜುಲೈ ಹಾಳೆಯ ಬೆಳಗ್ಗೆ ಅವರು ಮಲಗಿದ್ದು ಪರಿಚಯದ ಒಬ್ಬ ರೈತರ ಬದುವಿನಲ್ಲಿ, ಹಿಂದಿನ ದಿನವೇ ಕೇಳಿಕೊಂಡು. ಹಿಂಡು ಇಳಿದದ್ದು ಮಾತ್ರ ಪಕ್ಕದ ಹೊಲಕ್ಕೆ. ಮೈಯೂರಿದ ನೆಲಕ್ಕೆ ಒಪ್ಪಿಗೆ ಇತ್ತು, ಚೌಕಟ್ಟಿನೊಳಗಿನ ನೆಲಕ್ಕೆ ಇರಲಿಲ್ಲ. ಛಾಯಾಗ್ರಾಹಕರ ಯಾವ ನೀತಿ ಸಂಹಿತೆಯೂ ಈ ಎರಡನೆಯದನ್ನು ಕೇಳಿಕೊಳ್ಳಿ ಎಂದು ಹೇಳುವುದನ್ನು ನಾನು ಕಂಡಿಲ್ಲ.

ಸಂಘದ ಕಚೇರಿಯಲ್ಲಿ ಹೊಲದೊಡೆಯರು ಚಿತ್ರದ ಹಕ್ಕಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ಕೇಳಿದ ಪ್ರಶ್ನೆ ಬೇರೆ: "ಅವು ತಿನ್ನುತ್ತಿದ್ದಾಗ ನೀವು ಅಲ್ಲಿಯೇ ಇದ್ದಿರಿ. ಒಂದು ಚಪ್ಪಾಳೆ ತಟ್ಟಬಾರದಿತ್ತೇ?"

ಛಾಯಾಗ್ರಾಹಕರು, "ಕಾಕಾ, ಪ್ರಾಣಿಯನ್ನು ಬೆದರಿಸಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ" ಎಂದರು.

"ನಮ್ಮಲ್ಲಿ ಮೊದಲ ಪಾಠ ಬೇರೆ. ಯಾರ ಹೊಲದಲ್ಲಿ ದನ ಬಿದ್ದರೂ ಕಂಡವನು ಓಡಿಸಬೇಕು."

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಈ ಎರಡು ಪಾಠಗಳ ನಡುವೆ ಇದೆ. ಛಾಯಾಗ್ರಾಹಕನ ಸಂಯಮ ಕಾಡಿನಲ್ಲಿ ಸದ್ಗುಣ. ಬೆಳೆಯಲ್ಲಿ ಅದೇ ಸಂಯಮ, ನೆರೆಯವನ ಮನೆಗೆ ನೀರು ನುಗ್ಗುವುದನ್ನು ನೋಡುತ್ತ ನಿಂತವನ ನಡತೆಯಾಗಿ ಕಾಣುತ್ತದೆ. ಕಾಯ್ದೆಯ ಮಾತು ಎತ್ತಿ ವಾದಿಸಬಹುದು, ಊರಿನ ಕಟ್ಟೆಯ ಮೇಲೆ ಆ ವಾದ ನಿಲ್ಲದು. ಇಬ್ಬರೂ ತಮ್ಮ ತಮ್ಮ ನೆಲೆಯಲ್ಲಿ ಸರಿ ಎಂದು ಹೇಳಿ ಜಾರಿಕೊಳ್ಳುವುದು ಸುಲಭ. ನನ್ನ ಒಲವು ಹೊಲದೊಡೆಯರ ಕಡೆಗಿದೆ. ಚಿತ್ರ ಸಿಕ್ಕಿದ ಮೇಲಾದರೂ ಎದ್ದು ನಿಂತಿದ್ದರೆ ಸಾಕಿತ್ತು, ಹಿಂಡು ತಾನಾಗಿ ಗಾಯರಾಣಕ್ಕೆ ಜಿಗಿಯುತ್ತಿತ್ತು.

ಅಧ್ಯಕ್ಷರು ಚಿತ್ರವನ್ನೇ ತೆಗೆದು ಕಾರಂಜಾ ಜಲಾಶಯದ ಸೂರ್ಯಾಸ್ತ ಹಾಕಿಸಲು ಸಿದ್ಧರಾದರು. ಛಾಯಾಗ್ರಾಹಕರೂ ಒಪ್ಪಿದರು. ಒಪ್ಪದವರು ಹೊಲದೊಡೆಯರು. ಚಿತ್ರ ಇರಲಿ, ಆದರೆ ಇದು ಬಿತ್ತಿದ ಬೆಳೆ ಎಂದು ಕೆಳಗೆ ಬರೆಯಿರಿ, ಆ ಬೆಳಗಿನ ಎಲ್ಲ ಚಿತ್ರಗಳನ್ನೂ ದಿನಾಂಕ ಸಮೇತ ಕೊಡಿ, ಪರಿಹಾರದ ಅರ್ಜಿಗೆ ಲಗತ್ತಿಸುತ್ತೇನೆ ಎಂದರು. ಹಾಳೆಯ ಸಂಭಾವನೆಯಲ್ಲಿ ಒಂದು ಪಾಲು ಕೊಡುವ ಮಾತೂ ಬಂತು, ಅದನ್ನು ಅವರು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಕಿತ್ತು. ಹೆಸರು ಬೆಳೆದವರು ಪುಕ್ಕಟೆಯಾಗಿ ಏನನ್ನೂ ಕೊಡಬೇಕಾದ ಕಾಲವಲ್ಲ ಇದು.

ಚಿತ್ರಗಳನ್ನು ಕೊಟ್ಟದ್ದಾಯಿತು. ಕೆಲಸಕ್ಕೆ ಬರಲಿಲ್ಲ. ಕ್ಯಾಮೆರಾದ ಕಡತದಲ್ಲಿ ದಿನಾಂಕ, ಸಮಯ ಇತ್ತು, ಸ್ಥಳದ ಗುರುತು ಇರಲಿಲ್ಲ. ಪಂಚನಾಮೆ ನಡೆಯಬೇಕಾದದ್ದು ಹಾನಿ ಕಣ್ಣಿಗೆ ಕಾಣುವಾಗ, ಅಷ್ಟರಲ್ಲಿ ಹೆಸರು ಕಿತ್ತು, ಹಿಂಗಾರಿಗೆ ಕಡಲೆ ಬಿತ್ತಿಯೂ ಆಗಿತ್ತು. ಇನ್ನೊಂದು ಸಂಗತಿಯೂ ಇತ್ತು. ಕಡತಗಳಲ್ಲಿ ಚಿಗರಿಗಳ ಚಿತ್ರ ರಾಶಿ ಬಿದ್ದಿತ್ತು, ಕಡಿದು ಬಿಟ್ಟ ಗಿಡದ ಚಿತ್ರ ಒಂದೂ ಇರಲಿಲ್ಲ. ಅವುಗಳಲ್ಲಿ ಛಾಯಾಗ್ರಾಹಕರಿಗೆ ಚಿತ್ರವೇ ಕಂಡಿರಲಿಲ್ಲ.

ಆಮೇಲಿನ ವ್ಯವಸ್ಥೆ

ಕ್ಯಾಲೆಂಡರ್ ಎಳ್ಳಮಾಸಿಯ ಹೊತ್ತಿಗೆ ಹೊರಬಂತು. ಜುಲೈ ಹಾಳೆಯ ಕೆಳಗೆ ಹೂವಿನ ಹಂತದ ಹೆಸರು ಬೆಳೆ, ಅದನ್ನು ಮೇಯುತ್ತಿರುವ ಚಿಗರಿಗಳು ಎಂದಷ್ಟೇ ಇದೆ. ಊರಿನ ಹೆಸರಿಲ್ಲ, ಇಲ್ಲಿಯೂ ನಾನು ಬರೆಯುವುದಿಲ್ಲ. ಜಾಗ ತಿಳಿದರೆ ವಾರದ ಕೊನೆಗೆ ಕಾರುಗಳು ಬರುತ್ತವೆ, ಬದು ಹತ್ತುತ್ತವೆ, ಹುಲ್ಲಿನಲ್ಲಿ ಅಡಗಿ ಮಲಗಿದ ಮರಿಗಳ ಮೇಲೆ ಚಕ್ರ ಹಾಯಬಹುದು.

ಛಾಯಾಗ್ರಾಹಕರ ದಿನಚರಿಯಲ್ಲಿ ಒಂದು ಬದಲಾವಣೆ ನೆಲೆನಿಂತಿದೆ. ಈಗ ಬಯಲಿಗೆ ಹೋದಾಗ ದೊಡ್ಡ ಕ್ಯಾಮೆರಾದ ಕೆಲಸ ಮುಗಿದ ಮೇಲೆ ಮೊಬೈಲ್ ತೆಗೆದು, ಅಕ್ಷಾಂಶ ರೇಖಾಂಶ ಅಚ್ಚಾಗುವ ಜಿಪಿಎಸ್ ಕ್ಯಾಮೆರಾದಲ್ಲಿ ಮೇಯ್ದ ಸಾಲುಗಳನ್ನು ತೆಗೆದು ಆ ದಿನವೇ ಹೊಲದವರಿಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ. ಹೊಲದವರು ಬೆಳಗ್ಗೆ ಕರೆ ಮಾಡಿ ಹಿಂಡು ಎಲ್ಲಿದೆ ಎಂದು ಹೇಳುತ್ತಾರೆ. ಆ ಚಿತ್ರಗಳಿಂದ ಪರಿಹಾರ ಸಿಕ್ಕವರೂ ಇದ್ದಾರೆ, ಕಚೇರಿಗೆ ಅಲೆದು ಬಿಟ್ಟವರೂ ಇದ್ದಾರೆ. ಕೆಲಸ ಮುಗಿದ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟುವ ವಿಷಯದಲ್ಲಿ ಮಾತ್ರ ನಮ್ಮಿಬ್ಬರ ವಾದ ಮುಗಿದಿಲ್ಲ. ಬೆಳೆಯಲ್ಲಿದ್ದರೆ ತಟ್ಟುತ್ತೇನೆ, ಬೀಳಿನಲ್ಲಿದ್ದರೆ ಇಲ್ಲ ಎನ್ನುತ್ತಾರೆ. ಬೀಳು ಯಾವುದು, ಮೇವಿಗೆಂದು ಬಿಟ್ಟ ಹೊಲ ಯಾವುದು ಎಂದು ಕೇಳಿದರೆ ಉತ್ತರವಿಲ್ಲ.

ಮರುವರ್ಷದ ಮುಂಗಾರಿಗೆ ಆ ಭಾಗದ ಅನೇಕರು ಹೊಲದ ಸುತ್ತ ಗೂಟ ನೆಟ್ಟು ಹಳೆಯ ಸೀರೆಗಳನ್ನು ಕಟ್ಟಿದರು. ಖರ್ಚಿಲ್ಲದ ಬೇಲಿ ಅದು. ಗಾಳಿಗೆ ಪಟಪಟ ಬಡಿದರೆ ಚಿಗರಿ ಕೆಲವು ದಿನ ಹತ್ತಿರ ಬರುವುದಿಲ್ಲ, ರೂಢಿಯಾದ ಮೇಲೆ ಹಾರಿ ಬರುತ್ತದೆ. ಮೊದಲ ವಾರ ಛಾಯಾಗ್ರಾಹಕರು ಗೊಣಗಿದರು, ಎಲ್ಲಿ ಲೆನ್ಸ್ ತಿರುಗಿಸಿದರೂ ಗುಲಾಬಿ, ನೇರಳೆ ಪಾಲಿಯೆಸ್ಟರ್. ಆಮೇಲೆ ಸೀರೆಗಳನ್ನೇ ತೆಗೆಯತೊಡಗಿದರು. ಸೀರೆ ಬೇಲಿಯ ಮೇಲಿಂದ ಜಿಗಿಯುತ್ತಿರುವ ಕಪ್ಪು ಗಂಡಿನ ಒಂದು ಚಿತ್ರ ಅವರ ಈವರೆಗಿನ ಕೆಲಸದಲ್ಲೇ ನನಗೆ ಮೆಚ್ಚಿನದು. ಬೆಂಗಳೂರಿನ ಒಂದು ಪ್ರಕಾಶನ ಸಂಸ್ಥೆ ಅದನ್ನು ಕೊಳ್ಳಲು ಮುಂದೆ ಬಂತು, ಸೀರೆಯನ್ನು ಕಂಪ್ಯೂಟರಿನಲ್ಲಿ ಅಳಿಸಿಕೊಟ್ಟರೆ ಒಳ್ಳೆಯ ಬೆಲೆ ಎಂದಿತು. ಇವರು ಅಳಿಸಲು ಒಪ್ಪಲಿಲ್ಲ. ಚಿತ್ರ ಇನ್ನೂ ಮಾರಾಟವಾಗಿಲ್ಲ.